ಹೆದರಬೇಕಾದ್ದು ವಿಮಾನಕ್ಕಲ್ಲ

ರಾತ್ರಿ ಹತ್ತು ದಾಟಿದ ಮೇಲೆ ದೇವನಹಳ್ಳಿ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಕಡೆ ಹೋದರೆ, ಮೊದಲ ಸಲ ವಿದೇಶಕ್ಕೆ ಹೊರಟವರನ್ನು ದೂರದಿಂದಲೇ ಗುರುತಿಸಬಹುದು. ಮೈಸೂರಿನ ಫ್ಲೈಬಸ್ಸಿನಿಂದ ಇಳಿಯುವ ಕುಟುಂಬದ ಸೂಟ್‌ಕೇಸುಗಳಿಗೆಲ್ಲ ಒಂದೇ ಬಣ್ಣದ ರಿಬ್ಬನ್ನು. ಅಜ್ಜಿಗೆ ಸೀರೆಯ ಕೆಳಗೆ ಬಿಳಿ ಸ್ಪೋರ್ಟ್ಸ್ ಷೂ. ಹೊಸದು, ಹಿಮ್ಮಡಿ ಕಚ್ಚುತ್ತಿದೆ. ಬಾಗಿಲಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಕೈ ಚಾಚಿದ್ದೇ ತಡ, ಯಜಮಾನರು ಐದೂ ಪಾಸ್‌ಪೋರ್ಟುಗಳನ್ನು ಇಸ್ಪೀಟೆಲೆಯ ಹಾಗೆ ಬಿಡಿಸಿ ಹಿಡಿಯುತ್ತಾರೆ.

ಒಳಗೆ ಚೆಕ್-ಇನ್ ಸಾಲಿನ ಪಕ್ಕ ಇನ್ನೊಂದು ಕುಟುಂಬ ಸೂಟ್‌ಕೇಸ್ ಬಿಚ್ಚಿಕೊಂಡು ನೆಲಕ್ಕೇ ಕೂತಿದೆ. ತೂಕ ಮೂರು ಕಿಲೋ ಜಾಸ್ತಿ ಬಂದಿದೆ. ಚಕ್ಕುಲಿ ಡಬ್ಬಿ ಕೈಬ್ಯಾಗಿಗೆ ಹೋಯಿತು, ಅದರ ಹಿಂದೆಯೇ ಪುಳಿಯೋಗರೆ ಗೊಜ್ಜಿನ ಬಾಟಲಿಯೂ ಹೊರಟಿತು. ‘ಗೊಜ್ಜು ಕೈಬ್ಯಾಗಿಗೆ ಹಾಕ್ಬೇಡಿ ಮೇಡಂ, ಸೆಕ್ಯುರಿಟೀಲಿ ತೆಗೆಸಿಬಿಡ್ತಾರೆ’ ಎಂದು ಸಾಲಿನಲ್ಲಿದ್ದವರೊಬ್ಬರು ಎಚ್ಚರಿಸುತ್ತಾರೆ. ಅವರು ಹೇಳಿದ್ದು ಸರಿ. ನೂರು ಮಿಲಿಲೀಟರ್ ಮೀರಿದ ಬಾಟಲಿ ಕೈಬ್ಯಾಗಿನಲ್ಲಿ ದಾಟುವುದಿಲ್ಲ. ಗೊಜ್ಜು, ತುಪ್ಪ, ಉಪ್ಪಿನಕಾಯಿ ಎಲ್ಲವೂ ತಪಾಸಣೆಯವರ ಲೆಕ್ಕದಲ್ಲಿ ದ್ರವವೇ.

ಹೀಗೆ ಹೊರಟವರಲ್ಲಿ ಬಹಳ ಮಂದಿಯ ಗುರಿ ಬ್ಯಾಂಕಾಕ್. ಬೆಂಗಳೂರಿನಿಂದ ನಾಲ್ಕು ತಾಸಿನೊಳಗಿನ ಹಾರಾಟ, ಗಡಿಯಾರ ಮುಂದಿಡಬೇಕಾದ್ದು ಒಂದೂವರೆ ಗಂಟೆ ಮಾತ್ರ, ಖರ್ಚೂ ಕೈಗೆಟುಕುವಷ್ಟು. ಯುರೋಪು, ಅಮೆರಿಕ ಎನ್ನುವ ಮೊದಲು ಇಂಥ ಹತ್ತಿರದ ದೇಶವನ್ನು ನೋಡಿಬರುವುದೇ ಜಾಣತನ. ಆದ್ದರಿಂದ ಇಲ್ಲಿ ಥಾಯ್ಲೆಂಡನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಹೊರಡುವವರನ್ನು ಕೇಳಿದರೆ ಸಾಮಾನ್ಯವಾಗಿ ಮೂರು ಭಯ ಹೇಳುತ್ತಾರೆ: ವಿಮಾನ, ಭಾಷೆ, ಊಟ. ವಿಮಾನದ ಭಯ ಮೋಡ ದಾಟುವಷ್ಟರಲ್ಲಿ ಇಳಿಯುತ್ತದೆ. ಭಾಷೆ ಬಾರದಿದ್ದರೆ ಮೊಬೈಲಿದೆ, ಕೈಸನ್ನೆಯಿದೆ, ಅಂಗಡಿಯವರ ಕ್ಯಾಲ್ಕುಲೇಟರ್ ಇದೆ. ಊಟದ ಚಿಂತೆಯಲ್ಲಿ ಸ್ವಲ್ಪ ಹುರುಳಿದೆ, ಅದಕ್ಕೆ ಆಮೇಲೆ ಬರೋಣ. ನಿಜವಾಗಿ ಪ್ರವಾಸ ಕೆಡಿಸುವ ಸಂಗತಿಗಳು ಈ ಪಟ್ಟಿಯಲ್ಲೇ ಇರುವುದಿಲ್ಲ. ಟಿಕೆಟ್ಟಿನ ಮೇಲಿನ ಹೆಸರು, ಮಸಾಲೆ ಪುಡಿಯೊಳಗಿನ ಗಸಗಸೆ, ಬಾಡಿಗೆ ಸ್ಕೂಟರು, ಪರಿಚಯಸ್ಥರು ಕೊಟ್ಟ ಪೊಟ್ಟಣ. ಇವಕ್ಕೆ ಯಾರೂ ಹೆದರುವುದಿಲ್ಲ.

ಇನಿಷಿಯಲ್ಲಿನ ತಲೆನೋವು

ಹೆಸರಿನಿಂದಲೇ ಶುರುಮಾಡೋಣ. ಹಳೆ ಮೈಸೂರು ಕಡೆಯವರಿಗೆ ಹೆಸರಿನ ಹಿಂದೆ ಒಂದೋ ಎರಡೋ ಇನಿಷಿಯಲ್ ಇರುತ್ತದೆ. ಒಂದು ಊರಿನದು, ಇನ್ನೊಂದು ಅಪ್ಪನದು. ಮನೆತನದ ಹೆಸರು ಎಂಬುದು ಉತ್ತರ ಕರ್ನಾಟಕದವರಿಗೆ, ಕರಾವಳಿಯವರಿಗೆ ಇರುವಷ್ಟು ಸಲೀಸಾಗಿ ಇಲ್ಲಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಾದರೆ ಎರಡು ಖಾನೆ: ಕೊಟ್ಟ ಹೆಸರು, ಮನೆತನದ ಹೆಸರು. ಇನಿಷಿಯಲ್ಲನ್ನು ಅಲ್ಲಿ ಬಿಡಿಸಿ ಬರೆಯಬೇಕು. ಕೆಲವರು ಅಪ್ಪನ ಹೆಸರನ್ನು ಎರಡನೇ ಖಾನೆಗೆ ಹಾಕುತ್ತಾರೆ, ಕೆಲವರು ಅದನ್ನು ಖಾಲಿ ಬಿಡುತ್ತಾರೆ. ಆಧಾರಿನಲ್ಲಿ ‘ಎಂ. ಆರ್.’, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು, ಪಾನ್ ಕಾರ್ಡಿನಲ್ಲಿ ಅಪ್ಪನ ಪೂರ್ತಿ ಹೆಸರು. ಒಬ್ಬರೇ ಮನುಷ್ಯರು ಕಾಗದದ ಮೇಲೆ ಮೂವರಾಗಿರುತ್ತಾರೆ.

ನಮ್ಮೂರಿನ ಬ್ಯಾಂಕಿನಲ್ಲಿ ಇದನ್ನು ಹೇಗೋ ಹೊಂದಿಸಿಕೊಳ್ಳುತ್ತಾರೆ. ವಿಮಾನಯಾನದಲ್ಲಿ ಹಾಗೆ ನಡೆಯುವುದಿಲ್ಲ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಆಧಾರ್ ನೋಡಿಕೊಂಡು ಟಿಕೆಟ್ ಮಾಡಿದರೆ ಚೆಕ್-ಇನ್ ಕೌಂಟರಿನಲ್ಲಿ ಬೆವರಬೇಕಾಗುತ್ತದೆ. ಮನೆತನದ ಹೆಸರಿಲ್ಲದ ಪಾಸ್‌ಪೋರ್ಟ್ ಇದ್ದರೆ ಟಿಕೆಟ್ ತುಂಬುವಾಗ ಆ ಖಾನೆಗೆ ಏನು ಬರೆಯಬೇಕೆಂದು ಒಂದೊಂದು ವಿಮಾನ ಕಂಪನಿ ಒಂದೊಂದು ಪದ್ಧತಿ ಇಟ್ಟುಕೊಂಡಿದೆ. ಫೋನ್ ಮಾಡಿ ಕೇಳಿಯೇ ತುಂಬಬೇಕು. ಯುಎಇ 2022ರ ನವೆಂಬರ್‌ನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲವೆಂದು ಕಡ್ಡಿ ಮುರಿದಂತೆ ಹೇಳಿತು. ಆಮೇಲೆ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ನಡೆಯುತ್ತದೆಂದು ಸ್ವಲ್ಪ ಸಡಿಲಿಸಿತು. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಎರಡೂ ಖಾನೆ ತುಂಬಿಬಿಡುವುದೇ ಕ್ಷೇಮ.

ಉಳಿದ ವಿಷಯ ಅಷ್ಟು ತೊಡಕಿನದಲ್ಲ. ದೊಡ್ಡವರ 36 ಪುಟದ ಪಾಸ್‌ಪೋರ್ಟಿಗೆ 1500 ರೂಪಾಯಿ, ತತ್ಕಾಲಾದರೆ ಮೇಲೆ ಎರಡು ಸಾವಿರ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ಸೇವಾ ಕೇಂದ್ರಗಳಲ್ಲದೆ ಹಲವು ಜಿಲ್ಲೆಗಳ ಅಂಚೆ ಕಚೇರಿಯಲ್ಲೂ ಈ ಕೆಲಸ ಆಗುತ್ತದೆ. ಸರ್ಕಾರಿ ಜಾಲತಾಣವನ್ನೇ ಹೋಲುವ ಖಾಸಗಿ ತಾಣಗಳು ದುಪ್ಪಟ್ಟು ವಸೂಲಿ ಮಾಡುತ್ತವೆ; ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ನೋಡಿ. 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ ಮಗುವಾದರೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ದಾಖಲೆ. ಮಕ್ಕಳ ಪಾಸ್‌ಪೋರ್ಟಿಗೆ ಹತ್ತಲ್ಲ, ಐದೇ ವರ್ಷದ ಆಯಸ್ಸು ಎಂಬುದು ಎಷ್ಟೋ ಮನೆಗಳಲ್ಲಿ ಹೊರಡುವ ವಾರ ನೆನಪಾಗುತ್ತದೆ. ಹೋಗುವ ದಿನದಿಂದ ಲೆಕ್ಕ ಹಾಕಿ ಇನ್ನೂ ಆರು ತಿಂಗಳು ಅವಧಿ ಉಳಿದಿರಬೇಕು. ಮಗು ಗೀಚಿದ, ನೀರು ತಾಗಿ ಉಬ್ಬಿದ ಪಾಸ್‌ಪೋರ್ಟನ್ನು ಹಾಗೇ ಒಯ್ಯಬೇಡಿ, ಬದಲಾಯಿಸಿಕೊಳ್ಳಿ.

ವೀಸಾ ಇಲ್ಲ, ಪ್ರಶ್ನೆ ಇದೆ

ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ, ಮಲೇಷ್ಯಾ ಅದೇ ಡಿಸೆಂಬರ್‌ನಲ್ಲಿ ಭಾರತೀಯ ಪ್ರವಾಸಿಗಳಿಗೆ ವೀಸಾ ಮನ್ನಾ ಮಾಡಿದವು. ಕೊರೊನಾ ಕಾಲದಲ್ಲಿ ಸೊರಗಿದ ಪ್ರವಾಸೋದ್ಯಮಕ್ಕೆ ಭಾರತದ ಮಧ್ಯಮವರ್ಗ ಅವರಿಗೆ ಬೇಕಿತ್ತು. ಇಂಥ ರಿಯಾಯಿತಿಗಳನ್ನು ಕೊಟ್ಟವರೇ ಹಿಂತೆಗೆದುಕೊಳ್ಳಬಹುದು, ದಿನಗಳ ಮಿತಿ ಬದಲಿಸಬಹುದು. ಟಿಕೆಟ್ ಮಾಡುವ ಮುನ್ನ ಆ ದೇಶದ ರಾಯಭಾರ ಕಚೇರಿಯ ಜಾಲತಾಣ ನೋಡಿ. ಕಳೆದ ವರ್ಷ ಹೋಗಿಬಂದ ಭಾವನ ಮಾತು ಈ ವರ್ಷಕ್ಕೆ ಸಾಕ್ಷಿಯಲ್ಲ.

ವೀಸಾ ಬೇಡವೆಂದ ಮಾತ್ರಕ್ಕೆ ನೇರ ಒಳಗೆ ಬಿಡುತ್ತಾರೆಂದೂ ಅಲ್ಲ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಖರ್ಚಿಗೆ ದುಡ್ಡು ತೋರಿಸಿ ಎಂದು ಇಮಿಗ್ರೇಷನ್ ಅಧಿಕಾರಿ ಕೇಳಬಹುದು. ಇವುಗಳ ಮುದ್ರಿತ ಪ್ರತಿ ಕೈಯಲ್ಲಿರಲಿ, ಮೊಬೈಲಿನ ಬ್ಯಾಟರಿಯನ್ನು ನಂಬಬೇಡಿ. 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವ ಪ್ರತಿಯೊಬ್ಬರೂ ಡಿಜಿಟಲ್ ಆಗಮನ ಪತ್ರ ತುಂಬಬೇಕು. ತಲುಪುವ ಹಿಂದಿನ ಮೂರು ದಿನಗಳೊಳಗೆ, ಆನ್‌ಲೈನಿನಲ್ಲಿ. ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ತಾಣ ಎದುರಾದರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಿರಿ. ಸಿಂಗಪುರ, ಮಲೇಷ್ಯಾಗಳಿಗೂ ಇಂಥದ್ದೇ ಪತ್ರಗಳಿವೆ, ಅವೂ ಉಚಿತ.

ಒಬ್ಬಂಟಿಯಾಗಿ ಹೊರಟ ಯುವಕರನ್ನು ನಮ್ಮ ಇಮಿಗ್ರೇಷನ್ನಿನಲ್ಲೇ ಸ್ವಲ್ಪ ಹೆಚ್ಚು ಕೇಳಿದರೆ ಬೇಸರ ಬೇಡ. ಕಂಪ್ಯೂಟರ್ ಕೆಲಸದ ಆಮಿಷ ತೋರಿಸಿ, ಟಿಕೆಟ್ಟೂ ಕೊಟ್ಟು ಬ್ಯಾಂಕಾಕಿಗೆ ಕರೆಸಿಕೊಂಡು, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಯ ಆನ್‌ಲೈನ್ ವಂಚನೆ ಅಡ್ಡೆಗಳಿಗೆ ತಳ್ಳಿದ ಪ್ರಕರಣಗಳ ಮೇಲೆ ಭಾರತ ಸರ್ಕಾರ 2022ರಿಂದಲೂ ಎಚ್ಚರಿಕೆ ಕೊಡುತ್ತ ಬಂದಿದೆ. ಹಾಗೆ ಸಿಕ್ಕಿಬಿದ್ದವರನ್ನು 2025ರಲ್ಲಿ ವಾಯುಪಡೆಯ ವಿಮಾನ ಕಳಿಸಿ ಕರೆತರಬೇಕಾಯಿತು.

ಬೇಸಿಗೆ ರಜೆಯೋ, ದಸರಾ ರಜೆಯೋ

ನಮ್ಮ ಪ್ರವಾಸದ ದಿನಾಂಕವನ್ನು ಮಕ್ಕಳ ಶಾಲೆ ನಿರ್ಧರಿಸುತ್ತದೆ. ಏಪ್ರಿಲಿನ ಬ್ಯಾಂಕಾಕ್ ಎಂದರೆ ಕಾದ ಹಂಚು. ಮಧ್ಯಾಹ್ನ ದೇವಾಲಯದ ಅಂಗಳದಲ್ಲಿ ಬರಿಗಾಲಲ್ಲಿ ನಡೆದವರಿಗೇ ಗೊತ್ತು. ಆದರೆ ಏಪ್ರಿಲ್ 13ರಿಂದ 15ರವರೆಗೆ ಅವರ ಹೊಸವರ್ಷ ಸಾಂಗ್‌ಕ್ರಾನ್. ಕರಾವಳಿಯವರು ವಿಷು ಆಚರಿಸುವ ಹೊತ್ತಿಗೇ ಅಲ್ಲಿ ಬೀದಿ ತುಂಬ ನೀರೆರಚಾಟ. ಮೈ ಒದ್ದೆಯಾಗಲು ಸಿದ್ಧರಿದ್ದರೆ ಆ ಬಿಸಿಲನ್ನೂ ತಾಳಿಕೊಳ್ಳಬಹುದು.

ಪುಕೆಟ್, ಕ್ರಾಬಿ ಇರುವುದು ಪಶ್ಚಿಮದ ಅಂಡಮಾನ್ ಸಮುದ್ರದ ಕಡೆ. ನಮ್ಮ ಮಂಗಳೂರಿಗೆ ಮಳೆ ತರುವ ನೈಋತ್ಯ ಮುಂಗಾರೇ ಅಲ್ಲಿಗೂ ಮಳೆ ತರುತ್ತದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕಡಲು ಒರಟು, ದ್ವೀಪಕ್ಕೆ ಹೋಗುವ ದೋಣಿ ರದ್ದಾಗಬಹುದು, ಈಜಬೇಡಿ ಎಂಬ ಕೆಂಪು ಬಾವುಟ ಹಾರುತ್ತಿರುತ್ತದೆ. ಪೂರ್ವದ ಕೊಲ್ಲಿಯಲ್ಲಿರುವ ಕೊ ಸಮುಯಿ ದ್ವೀಪಕ್ಕೆ ಮಳೆ ಹೆಚ್ಚು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ದಸರಾ ರಜೆಗೆ ಅಗ್ಗದಲ್ಲಿ ಸಿಗುವ ಪ್ಯಾಕೇಜಿನ ಹಿಂದೆ ಹಲವು ಸಲ ಈ ಮಳೆಯೇ ಇರುತ್ತದೆ.

ಅಗ್ಗದ ಪ್ಯಾಕೇಜು ಯಾರ ದುಡ್ಡು

‘ನಾಲ್ಕು ರಾತ್ರಿ ಐದು ಹಗಲು, ಬ್ಯಾಂಕಾಕ್–ಪಟ್ಟಾಯ’ ಎಂಬ ಜಾಹೀರಾತಿನ ದರ ನೋಡಿ, ಇಷ್ಟಕ್ಕೆ ಹೋಟೆಲ್ಲೂ ಬಸ್ಸೂ ಹೇಗೆ ಕೊಡುತ್ತಾರೆ ಎಂದು ಅಚ್ಚರಿಪಡುವವರುಂಟು. ಕೊಡುವುದು ಅವರಲ್ಲ, ದಾರಿಯಲ್ಲಿ ಸಿಗುವ ಅಂಗಡಿಗಳು. ಬಸ್ಸು ಯಾವುದೋ ರತ್ನದ ಮಳಿಗೆಯ ಮುಂದೆ, ಚರ್ಮದ ಸಾಮಾನಿನ ಮಳಿಗೆಯ ಮುಂದೆ ಒಂದೂವರೆ ಗಂಟೆ ನಿಲ್ಲುತ್ತದೆ. ನೀವು ಕೊಂಡ ಪ್ರತಿ ವಸ್ತುವಿನಿಂದ ಗೈಡಿಗೆ, ಏಜೆಂಟಿಗೆ ಪಾಲು ಸಲ್ಲುತ್ತದೆ. ಚೀನಾದಿಂದ ಬರುತ್ತಿದ್ದ ತಂಡಗಳಲ್ಲಿ ಈ ವ್ಯವಹಾರ ವಿಪರೀತಕ್ಕೆ ಹೋಗಿ, ‘ಝೀರೋ ಡಾಲರ್ ಟೂರ್’ ಎಂದೇ ಹೆಸರಾಗಿ, 2016ರಲ್ಲಿ ಥಾಯ್ ಸರ್ಕಾರ ದೊಡ್ಡ ಕಾರ್ಯಾಚರಣೆ ನಡೆಸಿತು. ಅದರ ಸಣ್ಣ ರೂಪಗಳು ಇವತ್ತಿಗೂ ಎಲ್ಲ ದೇಶದ ಪ್ರವಾಸಿಗಳಿಗೂ ಎದುರಾಗುತ್ತವೆ.

ಹಾಗೆಂದು ಪ್ಯಾಕೇಜು ಬೇಡವೇ ಬೇಡ ಎನ್ನಲಾರೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದು, ಬಸ್ಸು ಹೋಟೆಲ್ ಬಾಗಿಲಿಗೇ ಬರಬೇಕೆಂದಿದ್ದರೆ ಅದೇ ನೆಮ್ಮದಿ. ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿ: ಎಷ್ಟು ಅಂಗಡಿಗಳ ಮುಂದೆ ನಿಲ್ಲಿಸುತ್ತೀರಿ, ಯಾವ ಊಟಗಳು ಸೇರಿಲ್ಲ? ಉತ್ತರ ತಡವರಿಸಿದರೆ ಬೇರೆ ಏಜೆಂಟನ್ನು ನೋಡಿ. ಮತ್ತೆ, ಐದು ದಿನದಲ್ಲಿ ಮೂರು ಊರು ಸುತ್ತಿಸುವ ಯೋಜನೆಗೆ ಒಪ್ಪಲೇಬೇಡಿ. ಮೊದಲ ಪ್ರವಾಸಕ್ಕೆ ಒಂದೇ ಊರು, ಹೆಚ್ಚೆಂದರೆ ಎರಡು. ಮೂರನೇ ದಿನಕ್ಕೆ ಬೀದಿ ಪರಿಚಯವಾಗುತ್ತದೆ, ಮೂಲೆಯ ಅಂಗಡಿಯವಳು ನಕ್ಕು ಗುರುತು ಹಿಡಿಯುತ್ತಾಳೆ. ಎರಡನೇ ದಿನವೇ ಸೂಟ್‌ಕೇಸ್ ಕಟ್ಟುವವರಿಗೆ ಈ ಸುಖ ಸಿಗುವುದಿಲ್ಲ.

ಕೊಬ್ಬರಿ, ಗಸಗಸೆ, ಮಾತ್ರೆ

ಲಗೇಜಿನಲ್ಲಿ ಕನ್ನಡಿಗರಿಗೇ ವಿಶೇಷವಾದ ಎರಡು ಕಂಟಕಗಳಿವೆ. ಒಂದು ಕೊಬ್ಬರಿ. ಒಣಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವ ಪದಾರ್ಥಗಳ ಸಾಲಿಗೆ ಅದನ್ನು ಅಂತರರಾಷ್ಟ್ರೀಯ ವಿಮಾನಯಾನ ನಿಯಮಗಳು ಸೇರಿಸಿವೆ. ತಿಪಟೂರಿನ ಗಿಟುಕನ್ನು ಒಯ್ಯುವ ಆಸೆ ಬಿಡಬೇಕು.

ಇನ್ನೊಂದು ಗಸಗಸೆ. ಅದು ಅಫೀಮು ಗಿಡದ ಬೀಜ. ನಮ್ಮಲ್ಲಿ ಪಾಯಸಕ್ಕೆ, ಸಾಗುವಿಗೆ, ಎಷ್ಟೋ ಮನೆಯ ಮಸಾಲೆ ಪುಡಿಗೆ ಬೀಳುವ ಇದು ಯುಎಇ, ಸಿಂಗಪುರಗಳಲ್ಲಿ ನಿಷಿದ್ಧ. ದುಬೈ ಕಡೆ ಹೊರಟವರು ವೀಳ್ಯದೆಲೆಯನ್ನೂ ಮನೆಯಲ್ಲೇ ಬಿಡಬೇಕು. ಅತ್ತೆ ಅಕ್ಕರೆಯಿಂದ ಕಟ್ಟಿಕೊಟ್ಟ ಪುಡಿಯಲ್ಲಿ ಏನೇನಿದೆ ಎಂದು ಕೇಳಿ ತಿಳಿದುಕೊಳ್ಳುವುದು ಅನುಮಾನವೇನಲ್ಲ.

ಮಾತ್ರೆಗಳು ಮೂಲ ಸ್ಟ್ರಿಪ್ಪಿನಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪುಗಳಿಗೆ ಹಲವು ದೇಶಗಳಲ್ಲಿ ಕಟ್ಟುನಿಟ್ಟು. ಬಿಪಿ, ಸಕ್ಕರೆ ಕಾಯಿಲೆಯ ಔಷಧ, ಇನ್ಸುಲಿನ್ ಕೈಬ್ಯಾಗಿನಲ್ಲೇ ಇರಬೇಕು. ಸೂಟ್‌ಕೇಸ್ ಬೇರೆ ಊರಿಗೆ ಹೋದರೂ ಔಷಧ ಹೋಗಬಾರದು. ಪವರ್ ಬ್ಯಾಂಕ್ ಕೂಡ ಕೈಬ್ಯಾಗಿನಲ್ಲೇ, ಆದರೆ ಬೇರೆ ಕಾರಣಕ್ಕೆ: ಲಗೇಜು ತುಂಬುವ ಕೆಳಗಿನ ಅಂಕಣದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿದರೆ ನೋಡುವವರಿರುವುದಿಲ್ಲ. ಇ-ಸಿಗರೇಟನ್ನು ಥಾಯ್ಲೆಂಡಿಗೆ ಒಯ್ಯುವುದು ಅಪರಾಧ.

ದುಡ್ಡು ಸೋರುವ ತೂತುಗಳು

ಒಂದು ಪ್ರವಾಸಕ್ಕೆ ಸಾಮಾನ್ಯವಾಗಿ ಮೂರು ಸಾವಿರ ಡಾಲರ್ ಮೌಲ್ಯದವರೆಗೆ ವಿದೇಶಿ ನೋಟು ಒಯ್ಯಬಹುದು. ನಮ್ಮ ರೂಪಾಯಿ 25 ಸಾವಿರದವರೆಗೆ. ಇಷ್ಟು ನಗದು ಒಂದು ಕುಟುಂಬಕ್ಕೆ ಬೇಕಾಗುವುದೇ ಇಲ್ಲ. ನೋಟು, ಫಾರೆಕ್ಸ್ ಕಾರ್ಡು, ಒಂದು ಕ್ರೆಡಿಟ್ ಕಾರ್ಡು, ಮೂರನ್ನೂ ಬೇರೆ ಬೇರೆ ಜೇಬಿನಲ್ಲಿಟ್ಟರೆ ಸಾಕು. ಕಾರ್ಡಿನ ವಿದೇಶಿ ಬಳಕೆಯನ್ನು ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕುಗಳು ಮೊದಲೇ ಮುಚ್ಚಿಟ್ಟಿರುತ್ತವೆ. ಹೊರಡುವ ಮುನ್ನ ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ತೆರೆಯಬೇಕು. ಇಲ್ಲದಿದ್ದರೆ ಹೋಟೆಲ್ ಕೌಂಟರಿನಲ್ಲಿ ಕಾರ್ಡು ಉಜ್ಜಿದ್ದೇ ಬಂತು.

ಸೋರಿಕೆ ಶುರುವಾಗುವುದು ಸಣ್ಣ ಕಡೆಗಳಲ್ಲಿ. ಥಾಯ್ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲವೂ ಇನ್ನೂರು ಬಾತ್ ಮೀರಿ ಹಿಡಿಯುತ್ತವೆ. ಆದ್ದರಿಂದ ಚೂರುಚೂರಾಗಿ ತೆಗೆಯದೆ ಒಮ್ಮೆಗೇ ತೆಗೆಯಬೇಕು. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕಟ್ಟುವಿರಾ, ಬಾತ್‌ನಲ್ಲಿ ಕಟ್ಟುವಿರಾ’ ಎಂದು ಕೇಳುತ್ತದೆ. ರೂಪಾಯಿ ಕಂಡಾಗ ಮನಸ್ಸಿಗೆ ಹತ್ತಿರವೆನಿಸಿ ಬೆರಳು ಅತ್ತ ಹೋಗುತ್ತದೆ. ಅದನ್ನು ಒತ್ತಿದರೆ ವಿನಿಮಯ ದರ ನಿರ್ಧರಿಸುವುದು ಆ ಯಂತ್ರದ ಹಿಂದಿನ ಕಂಪನಿ, ದರ ದುಬಾರಿ. ಯಾವಾಗಲೂ ಆ ದೇಶದ ನಾಣ್ಯವನ್ನೇ ಆರಿಸಿ. ಯುಪಿಐ ಸಿಂಗಪುರ, ಯುಎಇ, ನೇಪಾಳಗಳ ಕೆಲವು ಕಡೆ ನಡೆಯುತ್ತದೆ. ಥಾಯ್ಲೆಂಡಿನಲ್ಲಿ ಅದನ್ನೇ ನೆಚ್ಚಿಕೊಂಡು ಬೀದಿಗಿಳಿಯಬೇಡಿ.

ಬ್ಯಾಂಕಾಕಿನ ರಾಜರ ಅರಮನೆ ನೋಡಲು ವಿದೇಶಿಯರಿಗೆ 500 ಬಾತ್, ಥಾಯ್ ಪ್ರಜೆಗಳಿಗೆ ಉಚಿತ. ಇದೇನು ಅನ್ಯಾಯ ಎಂದು ಸಿಡುಕುವ ಮೊದಲು ಹಂಪಿಯ ವಿಠ್ಠಲ ದೇವಾಲಯದ ಟಿಕೆಟ್ ಕೌಂಟರನ್ನು ನೆನಪಿಸಿಕೊಳ್ಳಬೇಕು. ಅಲ್ಲಿ ನಮಗೆ ನಲವತ್ತು, ಅವರಿಗೆ ಆರುನೂರು. ಆ ಅರಮನೆಯ ಸುತ್ತ, ‘ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಾಲಯ ತೋರಿಸುತ್ತೇನೆ’ ಎನ್ನುವ ಟುಕ್-ಟುಕ್ಕಿನವರು ಸಿಗುತ್ತಾರೆ. ಬಾಡಿಗೆ ಚಿಲ್ಲರೆ ಕಾಸು. ಗಾಡಿ ಕೊನೆಗೆ ನಿಲ್ಲುವುದು ಹರಳಿನ ಅಂಗಡಿಯ ಮುಂದೆ. ಅರಮನೆ ಮುಚ್ಚಿದೆಯೋ ಇಲ್ಲವೋ ಎಂಬುದನ್ನು ಅರಮನೆಯ ಬಾಗಿಲಲ್ಲೇ ವಿಚಾರಿಸಿ.

ಸಸ್ಯಾಹಾರಿಯ ಪಾಡು

ಥಾಯ್ ಅಡುಗೆಯಲ್ಲಿ ಮಾಂಸ ಕಣ್ಣಿಗೆ ಕಾಣುತ್ತದೆ, ಮೀನಿನ ರಸ ಕಾಣುವುದಿಲ್ಲ. ಕಷ್ಟವಿರುವುದು ಇಲ್ಲೇ. ‘ತರಕಾರಿ ಮಾತ್ರ’ ಎಂದರೂ ನಮ್ಮ ಉಪ್ಪಿನ ಜಾಗದಲ್ಲಿ ಅವರು ನಾಮ್ ಪ್ಲಾ ಎಂಬ ಮೀನಿನ ರಸ ಹಾಕುತ್ತಾರೆ, ಪಪ್ಪಾಯ ಕೋಸಂಬರಿಗೂ ಒಣಸೀಗಡಿ ಬೀಳುತ್ತದೆ. ಬಡಿಸುವವರು ಮೋಸ ಮಾಡುತ್ತಿಲ್ಲ. ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ.

ಅಲ್ಲಿ ನೆನಪಿಡಬೇಕಾದ ಒಂದೇ ಪದ ‘ಜೇ’. ಚೀನೀ ಮೂಲದ ಬೌದ್ಧರ ಕಟ್ಟುನಿಟ್ಟಿನ ಸಸ್ಯಾಹಾರ ಅದು. ಮೀನಿನ ರಸವಿಲ್ಲ, ಮೊಟ್ಟೆಯಿಲ್ಲ, ಹಾಲೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿ ಅಡುಗೆಯವರೂ ಒಪ್ಪಬಹುದಾದ ಊಟ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಆ ಪದ ಬರೆದ ಗಾಡಿ, ಅಂಗಡಿಗಳನ್ನು ಹುಡುಕಬಹುದು. ಸಾಮಾನ್ಯವಾಗಿ ಅಕ್ಟೋಬರ್ ಆಸುಪಾಸಿನಲ್ಲಿ ಒಂಬತ್ತು ದಿನ ನಡೆಯುವ ಸಸ್ಯಾಹಾರ ಹಬ್ಬದ ಹೊತ್ತಿಗೆ ಹೋದರೆ ಬೀದಿ ಬೀದಿಯಲ್ಲೂ ಈ ಬಾವುಟಗಳು. ಬ್ಯಾಂಕಾಕಿನ ಪಾಹುರಟ್ ಕಡೆ ಪಂಜಾಬಿ ಊಟ, ಸಿಲೋಮ್ ರಸ್ತೆಯ ಮಾರಿಯಮ್ಮನ ಗುಡಿಯ ಸುತ್ತ ದಕ್ಷಿಣದ ತಿಂಡಿಯೂ ಸಿಗುತ್ತದೆ.

ಒಂದು ಹೊತ್ತಿಗೆ ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಒಯ್ದರೆ ನಾಚಿಕೆ ಪಡಬೇಕಾಗಿಲ್ಲ. ಮೂರು ಹೊತ್ತೂ ಅದೇ ತಿನ್ನುವುದಾದರೆ ಮಾತ್ರ ಅಷ್ಟು ದೂರ ಹೋದದ್ದೇಕೆ ಎಂದು ಕೇಳಬೇಕಾಗುತ್ತದೆ. ಮಾವಿನಹಣ್ಣು ಇಟ್ಟುಕೊಡುವ ಸಿಹಿ ಅಂಟನ್ನವನ್ನು ಯಾವ ಸಸ್ಯಾಹಾರಿಯೂ ಧೈರ್ಯವಾಗಿ ತಿನ್ನಬಹುದು. ಹಲಸಿನಂತೆಯೇ ಕಾಣುವ ಡೂರಿಯನ್ ಹಣ್ಣನ್ನು ಬೀದಿಯಲ್ಲೇ ತಿಂದು ಮುಗಿಸಿ. ಹೋಟೆಲ್ ಕೋಣೆಗೆ ತಂದರೆ ವಾಸನೆಗೆ ದಂಡ ಹಾಕುತ್ತಾರೆ. ಅಂದಹಾಗೆ, ಊಟದಷ್ಟೇ ಚಿಂತೆ ಮಾಡುವ, ಯಾರೂ ಬಾಯಿಬಿಟ್ಟು ಕೇಳದ ಇನ್ನೊಂದು ವಿಷಯ: ಥಾಯ್ ಶೌಚಾಲಯಗಳಲ್ಲಿ ನೀರಿನ ಪೈಪು ಬಹುತೇಕ ಇದ್ದೇ ಇರುತ್ತದೆ.

ನಮ್ಮದೇ ಊರೆನಿಸುವ ಅಪಾಯ

ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣದಲ್ಲಿ ದೇವತೆಗಳೂ ದಾನವರೂ ವಾಸುಕಿಯನ್ನು ಹಿಡಿದು ಸಮುದ್ರ ಮಥನ ಮಾಡುವ ದೊಡ್ಡ ಶಿಲ್ಪವಿದೆ. ಎರವಾನ್ ಗುಡಿಯಲ್ಲಿ ಕುಳಿತಿರುವವನು ನಾಲ್ಕು ಮುಖದ ಬ್ರಹ್ಮ. ನಮ್ಮಲ್ಲಿ ಗುಡಿ ಸಿಗುವುದೇ ಅಪರೂಪವಾದ ಈ ದೇವರಿಗೆ ಅಲ್ಲಿ ಮಾಲ್‌ಗಳ ನಡುವೆ 1956ರಿಂದ ಬಿಡುವಿಲ್ಲದ ಪೂಜೆ. ಅರಮನೆಯ ಆವರಣದ ವಾಟ್ ಫ್ರಾ ಕೇವ್‌ನ ಪ್ರಾಕಾರದ ಗೋಡೆಗಳ ಮೇಲೆ 178 ಚಿತ್ರಗಳಲ್ಲಿ ಅವರ ರಾಮಾಯಣ ಹರಡಿಕೊಂಡಿದೆ. ಹನುಮಂತ ಅಲ್ಲಿ ಬ್ರಹ್ಮಚಾರಿಯಲ್ಲ. ಅಜ್ಜಿಗೆ ಮೊದಲೇ ಹೇಳಿಟ್ಟಿರಿ.

ಇಷ್ಟೆಲ್ಲ ಪರಿಚಿತವೆನಿಸುವುದರಿಂದಲೇ ಕೈಕಾಲು ಸಡಿಲವಾಗುತ್ತವೆ. ಬುದ್ಧ ನಮ್ಮವನೇ ತಾನೇ ಎಂದು ವಿಗ್ರಹದ ಪೀಠಕ್ಕೆ ಒರಗಿ, ತೊಡೆ ಹತ್ತಿ ಫೋಟೊ ತೆಗೆಸಿಕೊಳ್ಳುವವರಿದ್ದಾರೆ. ಅಲ್ಲಿ ಅದು ದೇವರಿಗೆ ಮಾಡಿದ ಅವಮಾನ. ತೋಳು, ಮಂಡಿ ಮುಚ್ಚದ ಬಟ್ಟೆಗೆ ಅರಮನೆಯ ಬಾಗಿಲಲ್ಲೇ ತಡೆ. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ಕೈಯಿಂದ ಕೈಗೆ ಏನನ್ನೂ ಕೊಡಬಾರದು. ರೈಲಿನಲ್ಲಿ, ದೋಣಿಯಲ್ಲಿ ಅವರಿಗೆಂದು ಬಿಟ್ಟ ಆಸನಗಳಲ್ಲಿ ಕೂರಬಾರದು. ಹೊಸ್ತಿಲು ತುಳಿಯಬಾರದು, ಹಿರಿಯರ ಕಡೆ ಕಾಲು ಚಾಚಬಾರದು, ತಲೆ ಮುಟ್ಟಬಾರದು ಎಂಬುದನ್ನೆಲ್ಲ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನಮ್ಮ ಪ್ರವಾಸಿ ಎಡವುವುದು ದನಿಯಲ್ಲಿ. ಹೋಟೆಲ್ ಮೊಗಸಾಲೆಯ ಈ ತುದಿಯಿಂದ ಆ ತುದಿಗೆ ಕೂಗಿ ಕರೆಯುವುದು, ತಡವಾಯಿತೆಂದು ಕೌಂಟರಿನ ಹುಡುಗಿಯ ಮೇಲೆ ರೇಗುವುದು ಥಾಯ್ ಜನರಿಗೆ ಬಹಳ ಕಸಿವಿಸಿ. ಅವರು ನಗುತ್ತಲೇ ಇರುತ್ತಾರೆ, ಆದರೆ ಆಮೇಲೆ ನಿಮ್ಮ ಕೆಲಸ ಮುಂದಕ್ಕೆ ಹೋಗುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಉದ್ಯಾನಗಳಲ್ಲಿ, ರೈಲು ನಿಲ್ದಾಣಗಳಲ್ಲಿ ರಾಷ್ಟ್ರಗೀತೆ ಮೊಳಗುತ್ತದೆ. ಓಡುತ್ತಿದ್ದವರು ಓಟ ನಿಲ್ಲಿಸುತ್ತಾರೆ, ಮೆಟ್ಟಿಲು ಹತ್ತುತ್ತಿದ್ದವರು ಹತ್ತಿದಲ್ಲೇ ನಿಲ್ಲುತ್ತಾರೆ. ಗೀತೆ ಮುಗಿದ ತಕ್ಷಣ ಏನೂ ಆಗಿಲ್ಲವೆಂಬಂತೆ ಎಲ್ಲರೂ ಮತ್ತೆ ಚಲಿಸುತ್ತಾರೆ. ನೀವೂ ನಿಲ್ಲಿ. ರಾಜಮನೆತನದ ಬಗ್ಗೆ ಹಗುರ ಮಾತು ಬೇಡ, ತಮಾಷೆಗೂ ಬೇಡ. ಅವರ ದಂಡಸಂಹಿತೆಯ 112ನೇ ಕಲಮಿನಡಿ ಅದಕ್ಕೆ ಮೂರರಿಂದ ಹದಿನೈದು ವರ್ಷ ಸೆರೆ, ವಿದೇಶಿಯರಿಗೂ ವಿನಾಯಿತಿಯಿಲ್ಲ. ನೋಟಿನ ಮೇಲೆ ರಾಜನ ಚಿತ್ರವಿರುವುದರಿಂದ ಗಾಳಿಗೆ ಹಾರಿದ ನೋಟನ್ನು ಕಾಲಲ್ಲಿ ಅದುಮಿ ಹಿಡಿಯುವುದೂ ಸಲ್ಲದು.

ಬಾಡಿಗೆ ಸ್ಕೂಟರು

ಪುಕೆಟ್ಟಿನಲ್ಲೋ ಪಟ್ಟಾಯದಲ್ಲೋ ಬೀದಿಗೊಂದು ಸ್ಕೂಟರ್ ಬಾಡಿಗೆ ಅಂಗಡಿ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲೇ ಓಡಿಸುವವರಿಗೆ ಇದೇನು ಮಹಾ ಎನಿಸುತ್ತದೆ. ರಸ್ತೆಯ ಎಡಬದಿಯಲ್ಲೇ ಹೋಗುವ ದೇಶ ಬೇರೆ. ಆದರೆ ನಮ್ಮ ಡಿಎಲ್ ಒಂದೇ ಅಲ್ಲಿ ಸಾಲದು. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಅದನ್ನು ನಮ್ಮ ಆರ್‌ಟಿಒ ಕಚೇರಿಯೇ ಸಾವಿರ ರೂಪಾಯಿ ಶುಲ್ಕಕ್ಕೆ ಕೊಡುತ್ತದೆ, ಒಂದು ವರ್ಷ ಚಾಲ್ತಿ. ಕಾರಿನ ಪರವಾನಗಿ ಮಾತ್ರ ಇದ್ದವರಿಗೆ ಅದರಲ್ಲೂ ದ್ವಿಚಕ್ರದ ಅನುಮತಿ ಸಿಗುವುದಿಲ್ಲ.

ಅಂಗಡಿಯವರು ಇದನ್ನೆಲ್ಲ ಕೇಳದೆಯೇ ಕೀಲಿ ಕೊಡುತ್ತಾರೆ. ಕೇಳುವವರು ಆಮೇಲೆ ಬರುತ್ತಾರೆ: ಮೊದಲು ಪೊಲೀಸರು, ಬಿದ್ದರೆ ವಿಮಾ ಕಂಪನಿಯವರು. ಸರಿಯಾದ ಪರವಾನಗಿಯಿಲ್ಲದೆ, ಹೆಲ್ಮೆಟ್ಟಿಲ್ಲದೆ, ಕುಡಿದು ಓಡಿಸಿ ಬಿದ್ದರೆ ಪ್ರವಾಸ ವಿಮೆ ಕೈಕೊಡುತ್ತದೆ. ಕಾಲು ಮುರಿದರೆ ಖಾಸಗಿ ಆಸ್ಪತ್ರೆಯ ಬಿಲ್ಲು ಪ್ರವಾಸದ ಒಟ್ಟು ಖರ್ಚನ್ನು ಎಷ್ಟೋ ಪಟ್ಟು ಮೀರುತ್ತದೆ. ನಾಲ್ಕು ಜನರ ಕುಟುಂಬಕ್ಕೆ ಒಂದು ಹೊತ್ತಿನ ಹೋಟೆಲ್ ಊಟದಷ್ಟಾಗುವ ವಿಮೆಯಲ್ಲಿ ಉಳಿತಾಯ ಮಾಡುವವರನ್ನು ನೋಡಿದಾಗ ಏನು ಹೇಳಬೇಕೋ ತೋಚುವುದಿಲ್ಲ. ಪಾಲಿಸಿ ಕೊಳ್ಳುವಾಗ ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿರಿ.

ಸ್ಕೂಟರಿಗಾಗಲಿ, ಜೆಟ್‌ಸ್ಕೀಗಾಗಲಿ ಪಾಸ್‌ಪೋರ್ಟನ್ನು ಒತ್ತೆ ಇಡಬೇಡಿ. ವಾಪಸ್ ತಂದಾಗ ಮೊದಲೇ ಇದ್ದ ಗೀರನ್ನು ತೋರಿಸಿ ಸಾವಿರಾರು ಬಾತ್ ಕೇಳುವ ಆಟ ಪಟ್ಟಾಯದ ಕಡಲತೀರದಲ್ಲಿ ಹಳೆಯದು. ಪಾಸ್‌ಪೋರ್ಟ್ ಅವರ ಮೇಜಿನೊಳಗಿದ್ದರೆ ವಾದಕ್ಕೆ ಜಾಗವೇ ಇರುವುದಿಲ್ಲ. ಹತ್ತುವ ಮುನ್ನ ಸುತ್ತಲೂ ವಿಡಿಯೊ ಮಾಡಿಕೊಳ್ಳಿ. ಜಗಳ ಏರಿದರೆ 1155ಕ್ಕೆ ಕರೆ ಮಾಡಿ. ಪ್ರವಾಸಿ ಪೊಲೀಸರು ಸಿಗುತ್ತಾರೆ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಪಾಸ್‌ಪೋರ್ಟೇ ಕಳೆದರೆ ಮೊದಲು ಠಾಣೆಯಲ್ಲಿ ದೂರು, ಆ ಪ್ರತಿ ಹಿಡಿದು ಭಾರತೀಯ ರಾಯಭಾರ ಕಚೇರಿ. ಮನೆಗೆ ಮರಳಲಷ್ಟೇ ಸಲ್ಲುವ ತುರ್ತು ಪ್ರಮಾಣಪತ್ರವನ್ನು ಅಲ್ಲಿ ಕೊಡುತ್ತಾರೆ. ಪಾಸ್‌ಪೋರ್ಟಿನ ಜೆರಾಕ್ಸು, ಎರಡು ಫೋಟೊ ಬೇರೆ ಬ್ಯಾಗಿನಲ್ಲಿದ್ದರೆ ಆ ದಿನ ಅರ್ಧ ಕೆಲಸ ಮುಗಿದಂತೆ.

ವಾಪಸ್ ಬರುವಾಗ

ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆಯಿತು. ರಾತ್ರೋರಾತ್ರಿ ಹಸಿರೆಲೆಯ ಫಲಕದ ಅಂಗಡಿಗಳೆದ್ದವು. 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಬೇಕೆಂದು ಮತ್ತೆ ಬಿಗಿ ಮಾಡಿತು. ಆ ಅಂಗಡಿಗಳ ಬಿಸ್ಕತ್ತು, ಚಾಕೊಲೇಟು ಚೆಂದದ ಪೊಟ್ಟಣದಲ್ಲಿ ಮಕ್ಕಳ ತಿಂಡಿಯಂತೆಯೇ ಕಾಣುತ್ತವೆ. ಅಲ್ಲಿ ಕಾನೂನು ಏನೇ ಇರಲಿ, ಇಲ್ಲಿಗೆ ತಂದರೆ 1985ರ ಎನ್‌ಡಿಪಿಎಸ್ ಕಾಯ್ದೆ ಕಾಯುತ್ತಿದೆ.

ಬೆಂಗಳೂರಿನ ಕಸ್ಟಮ್ಸ್ ಅಧಿಕಾರಿಗಳು ಬ್ಯಾಂಕಾಕ್ ವಿಮಾನಗಳ ಮೇಲೆ ವಿಶೇಷ ಕಣ್ಣಿಟ್ಟಿರುವುದು ಸುಮ್ಮನೆ ಅಲ್ಲ. ಮಣ್ಣಿಲ್ಲದೆ ಬೆಳೆದ ಹೈಡ್ರೋಪೋನಿಕ್ ಗಾಂಜಾ ಅಲ್ಲಿಂದ ಬಂದವರ ಬ್ಯಾಗುಗಳಲ್ಲಿ ಪದೇ ಪದೇ ಸಿಕ್ಕಿದೆ. 2023ರ ಆಗಸ್ಟ್‌ನಲ್ಲಿ ಒಬ್ಬ ಪ್ರಯಾಣಿಕನ ಲಗೇಜಿನಲ್ಲಿ ಇನ್ನೂರಕ್ಕೂ ಹೆಚ್ಚು ವನ್ಯಜೀವಿಗಳಿದ್ದವು. ಹೆಬ್ಬಾವು, ಊಸರವಳ್ಳಿ, ಆಮೆಗಳ ಜೊತೆ ಉಸಿರುಗಟ್ಟಿ ಸತ್ತ ಒಂದು ಕಾಂಗರೂ ಮರಿ. ಇಂಥ ಸಾಗಣೆಗೆ ದಂಧೆಯವರು ಹುಡುಕುವುದು ಯಾರೂ ಅನುಮಾನಿಸದ, ಸಂಸಾರಸ್ಥರಂತೆ ಕಾಣುವ ಪ್ರವಾಸಿಗಳನ್ನು. ಹೋಟೆಲಿನಲ್ಲಿ ಪರಿಚಯವಾದ ಕನ್ನಡದವರೊಬ್ಬರು ‘ಸಾರ್, ನಂದು ತೂಕ ಜಾಸ್ತಿಯಾಗಿದೆ, ಈ ಒಂದು ಪ್ಯಾಕೆಟ್ ಇಟ್ಕೊಳ್ತೀರಾ? ಬೆಂಗಳೂರಲ್ಲಿ ನಮ್ಮ ತಮ್ಮ ಬಂದು ಇಸ್ಕೊಳ್ತಾನೆ’ ಎಂದರೆ ದಾಕ್ಷಿಣ್ಯಕ್ಕೆ ಬಸುರಾಗಬೇಡಿ. ಬ್ಯಾಗು ಯಾರದ್ದೋ ಅವರೇ ಕಾನೂನಿನ ಮುಂದೆ ನಿಲ್ಲಬೇಕು. ‘ಗೊತ್ತಿರಲಿಲ್ಲ’ ಎಂಬ ಉತ್ತರವನ್ನು ರುಜುವಾತು ಮಾಡುವಷ್ಟರಲ್ಲಿ ವರ್ಷಗಳು ಕಳೆಯುತ್ತವೆ.

ಪುರಾತನ ಬುದ್ಧನ ವಿಗ್ರಹಗಳನ್ನು ಅವರ ಲಲಿತಕಲಾ ಇಲಾಖೆಯ ಅನುಮತಿಯಿಲ್ಲದೆ ದೇಶದಿಂದ ಹೊರತರುವಂತಿಲ್ಲ. ಹವಳ, ಆಮೆ ಚಿಪ್ಪು, ಮೊಸಳೆ ಚರ್ಮದ ಚೀಲ ಅಗ್ಗವೆಂದು ಕೊಂಡವರು ದೇವನಹಳ್ಳಿಯಲ್ಲಿ ದಂಡದ ಲೆಕ್ಕ ಹಾಕಬೇಕಾದೀತು. ಚಿನ್ನ, ಮದ್ಯ, ಎಲೆಕ್ಟ್ರಾನಿಕ್ ಸಾಮಾನು ತರುವುದಾದರೆ ಸುಂಕವಿಲ್ಲದೆ ಎಷ್ಟು ತರಬಹುದೆಂದು ಕಸ್ಟಮ್ಸ್ ಜಾಲತಾಣದಲ್ಲಿ ನೋಡಿಕೊಂಡೇ ಕೊಳ್ಳಿ. ಮಿತಿ ಮೀರಿದ್ದರೆ ಹಸಿರು ದಾರಿ ಬಿಟ್ಟು ಕೆಂಪು ದಾರಿಯಲ್ಲಿ ಹೋಗಿ ತಾನಾಗಿ ಹೇಳುವುದು ಯಾವಾಗಲೂ ಅಗ್ಗ.

ಇನ್ನು ಉಳಿದದ್ದು ಒಂದು ಕಾಗದ. ಪ್ಯಾಕೇಜು ಕೊಂಡಾಗ ಏಜೆಂಟರು ಬಿಲ್ಲಿನಲ್ಲಿ ಟಿಸಿಎಸ್ ಎಂದು ಒಂದಿಷ್ಟು ಹಿಡಿದಿರುತ್ತಾರೆ. ಅದರ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ. ಬಹಳ ಮಂದಿ ಅದನ್ನು ಪ್ರವಾಸದ ಖರ್ಚೆಂದೇ ಮರೆತುಬಿಡುತ್ತಾರೆ. ಅದು ನಿಮ್ಮ ಪಾನ್ ಸಂಖ್ಯೆಗೆ ಜಮೆಯಾದ ಮುಂಗಡ ತೆರಿಗೆ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಹಿಡಿದರೆ ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಗುತ್ತದೆ, ತೆರಿಗೆಯೇ ಇಲ್ಲದಿದ್ದರೆ ಖಾತೆಗೆ ವಾಪಸ್ ಬರುತ್ತದೆ. ಬಿಲ್ಲನ್ನು ಬೋರ್ಡಿಂಗ್ ಪಾಸುಗಳ ಜೊತೆ ಆಲ್ಬಮ್ಮಿಗೆ ಅಂಟಿಸುವ ಮುನ್ನ ಆಡಿಟರಿಗೆ ಒಂದು ಪ್ರತಿ ಕಳಿಸಿ.